ಫೋನಿನಲ್ಲಿ ಕೆಮ್ಮು ಕೇಳುತ್ತಿದ್ದವರು

ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷಕ್ಕೆ ಅಪ್ಪ ಪಿಸುಮಾತಿನಲ್ಲಿ ನೀರು ಕೇಳಿದರು.

ಬೇರೆ ಯಾರಾದರೂ ಆಗಿದ್ದರೆ ಅದರಲ್ಲಿ ಹೆದರುವಂಥದ್ದು ಏನೂ ಇರಲಿಲ್ಲ. ಆದರೆ ನನ್ನ ಅಪ್ಪ ಭದ್ರಾವತಿಯ ಒಂದು ಫೌಂಡ್ರಿಯಲ್ಲಿ ಇಡೀ ಆಯುಷ್ಯ ಕರಗಿದ ಕಬ್ಬಿಣ ಹೊತ್ತು ಅಚ್ಚಿಗೆ ಸುರಿದವರು. ಬ್ಲೋವರು, ಗ್ರೈಂಡರುಗಳ ಸದ್ದಿನ ನಡುವೆ ಮಾತಾಡಿ ಮಾತಾಡಿ ಅವರಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ಊಟದಲ್ಲಿ ಉಪ್ಪು ಕೇಳಿದರೂ ಪಕ್ಕದ ಮನೆಯವರಿಗೆ ಕೇಳುತ್ತಿತ್ತು. ನನ್ನ ಮದುವೆಯ ಮಾತುಕತೆಗೆ ಬಂದಿದ್ದ ಗಂಡಿನ ಕಡೆಯವರು, ಯಜಮಾನರಿಗೆ ಯಾಕೋ ಸಿಟ್ಟು ಬಂದಿದೆಯಲ್ಲ ಎಂದು ಅಮ್ಮನ ಹತ್ತಿರ ಗುಟ್ಟಾಗಿ ವಿಚಾರಿಸಿದ್ದರಂತೆ. ಅಂಥವರು ಆ ದಿನ ನೀರು ಕೇಳಿದ್ದು ನನಗೆ ಗೊತ್ತಾಗಿದ್ದು ತುಟಿ ನೋಡಿ, ಕಿವಿಗೆ ಕೇಳಿ ಅಲ್ಲ.

ಎರಡು ದಿನದ ಹಿಂದಷ್ಟೇ ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಅವರ ಎಡಗಡೆಯ ಎದೆ ತೆರೆದಿದ್ದರು. ನ್ಯುಮೋನಿಯಾ ಆಗಿ ಶ್ವಾಸಕೋಶದ ಸುತ್ತ ಕೀವು ತುಂಬಿ, ಅದು ಗಟ್ಟಿಯಾಗಿ ಸಿಪ್ಪೆ ಕಟ್ಟಿಕೊಂಡು ಶ್ವಾಸಕೋಶವನ್ನು ಹಿಂಡುತ್ತಿತ್ತು. ಪಕ್ಕೆಲುಬುಗಳನ್ನು ಅಗಲಿಸಿ ಆ ಸಿಪ್ಪೆ ಸುಲಿದು ತೆಗೆದರು. ಆಪರೇಷನ್ ಚೆನ್ನಾಗಿ ಆಗಿದೆ ಎಂದು ಸರ್ಜನ್ ಹೇಳಿದ್ದರು, ಅದು ನಿಜವೂ ಆಗಿತ್ತು. ಇನ್ನು ಉಳಿದಿರುವುದು ಅಪ್ಪನ ಕೆಲಸ ಎಂದೂ ಹೇಳಿದ್ದರು. ಆಳವಾಗಿ ಉಸಿರೆಳೆಯಬೇಕು, ಕೆಮ್ಮಿ ಕಫ ಹೊರಗೆ ಹಾಕಬೇಕು. ಹಾಗೆ ಮಾಡದಿದ್ದರೆ ಬಿಡಿಸಿದ ಶ್ವಾಸಕೋಶ ಮತ್ತೆ ಮುದುಡಿಕೊಳ್ಳುತ್ತದೆ, ಆಮೇಲೆ ಇನ್ನೊಂದು ಪಕ್ಕದ್ದೂ ಸೋಲುತ್ತದೆ.

ನಾನು ಸಿಸ್ಟರನ್ನು ಕರೆದೆ. ಆಕೆ ಬಂದು ಅಪ್ಪನನ್ನು ಎಂದಿನಂತೆ ಕೇಳಿದರು, ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟಿದೆ ಎಂದು. ಅಪ್ಪ ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ ಮಾಡಿ ತೋರಿಸಿದರು. ಸಿಸ್ಟರ್ ನಕ್ಕು, "ನಿಮ್ಮ ತಂದೆ ಗಟ್ಟಿ ಆಳು," ಎಂದರು. ಬೆರಳಿಗೆ ಸಿಕ್ಕಿಸಿದ ಆಕ್ಸಿಜನ್ ಕ್ಲಿಪ್ಪಿನ ಅಂಕಿ ತೊಂಬತ್ತರ ಆಚೀಚೆ ಆಡುತ್ತಿತ್ತು. ನಾನು ಅಂಕಿ ನೋಡುತ್ತ ನಿಂತೆ. ಅದು ಇಳಿಯಿತು.

ನಾನು ಬರೆಯಹೊರಟಿರುವುದು ಅಪ್ಪನ ಬಗ್ಗೆ ಅಲ್ಲ. ಆ ಮಧ್ಯಾಹ್ನ ಭದ್ರಾವತಿಯಿಂದ ಹೊರಟು ಬಂದ ಅರಿವಳಿಕೆ ಡಾಕ್ಟರ ಬಗ್ಗೆ. ಅವರೀಗ ನಿವೃತ್ತರಾಗಿ ಶಿವಮೊಗ್ಗ ಬಿಟ್ಟು ತಂಗಿಯ ಊರಿಗೆ ಹೋಗಿದ್ದಾರೆ. ಹೋದ ಸುದ್ದಿ ನನಗೆ ಗೊತ್ತಾಗಿದ್ದು ಅವರು ಹೋಗಿ ಎಷ್ಟೋ ದಿನದ ಮೇಲೆ. ಬೀಳ್ಕೊಡುಗೆಗೆ ಆಸ್ಪತ್ರೆಯವರೆಲ್ಲ ಇದ್ದರಂತೆ, ರೋಗಿಗಳು ಒಬ್ಬರೂ ಇರಲಿಲ್ಲವಂತೆ. ಅದರಲ್ಲಿ ಆಶ್ಚರ್ಯವಿಲ್ಲ. ಅವರ ಕೈಯಡಿ ಹಾದುಹೋದ ಎಷ್ಟು ಜನಕ್ಕೆ ಅವರ ಮುಖ ನೆನಪಿದ್ದೀತು?

ಕುಳ್ಳಗಿನ ಹೆಂಗಸು. ಆಪರೇಷನ್ ಥಿಯೇಟರಿನಲ್ಲಿ ಅವರಿಗಾಗಿಯೇ ಒಂದು ಮರದ ಮೆಟ್ಟಿಲುಮಣೆ ಇತ್ತಂತೆ, ಅದನ್ನು ಬೇರೆ ಯಾರಾದರೂ ಸರಿಸಿದರೆ ರಂಪ. ಏಸಿಯ ಚಳಿಗೆ ಬೇಸಗೆಯಲ್ಲೂ ಕಂದು ಸ್ವೆಟರ್ ಹಾಕುತ್ತಿದ್ದರು. ಅಂಗೈ ಯಾವಾಗಲೂ ತಣ್ಣಗೆ. ರೋಗಿಯನ್ನು ಮುಟ್ಟುವ ಮೊದಲು ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಆ ಚಹಾ ಕುಡಿದದ್ದನ್ನು ಮಾತ್ರ ನಾನು ನೋಡಲಿಲ್ಲ.

ಆಪರೇಷನ್ನಿನ ಹಿಂದಿನ ದಿನ ಅವರು ವಾರ್ಡಿಗೆ ಬಂದು ಕುರ್ಚಿ ಬಿಟ್ಟು ಅಪ್ಪನ ಮಂಚದ ತುದಿಯಲ್ಲೇ ಕೂತರು. ಫೈಲು ನೋಡಿ ಮುಗಿಸಿ ಪಕ್ಕಕ್ಕಿಟ್ಟ ಮೇಲೆ, ಏನು ಕೆಲಸ ಮಾಡ್ತಿದ್ರಿ ಯಜಮಾನ್ರೇ ಎಂದು ಶುರುಮಾಡಿದರು. ಲ್ಯಾಡಲ್ ಹೊರುತ್ತಿದ್ದೆ ಎಂದು ಅಪ್ಪ ಹೇಳಿದಾಗ, ಹಾಗಂದ್ರೆ ಏನು, ಬಿಡಿಸಿ ಹೇಳಿ ಅಂದರು. ಅಪ್ಪನಿಗೆ ಅಷ್ಟು ಸಾಕಾಯಿತು. ಉದ್ದನೆಯ ಕಬ್ಬಿಣದ ಹಿಡಿಕೆಯ ನಡುವೆ ಬಕೆಟ್ಟಿನಂಥ ಪಾತ್ರೆ, ಅದರ ತುಂಬ ಕೆಂಪಗೆ ಕುದಿಯುವ ಕಬ್ಬಿಣ, ಮುಂದೊಬ್ಬ ಹಿಂದೊಬ್ಬ ಹೊತ್ತು ಅಚ್ಚಿನಿಂದ ಅಚ್ಚಿಗೆ ಹೋಗಿ ಸುರಿಯುವುದು. ಕಿಡಿ ಹಾರಿ ಬೂಟಿನೊಳಗೆ ಬೀಳುತ್ತದೆ, ಕುತ್ತಿಗೆಗೆ ಬೀಳುತ್ತದೆ. ಆದರೆ ಲ್ಯಾಡಲ್ ಕೈಯಲ್ಲಿರುವಾಗ ಬಾಯಿ ಬಿಡುವಂತಿಲ್ಲ. ಒಬ್ಬ ಅಯ್ಯೋ ಅಂದರೆ ಇನ್ನೊಬ್ಬ ಬೆಚ್ಚುತ್ತಾನೆ, ಕೈ ಅಲುಗುತ್ತದೆ, ಕಬ್ಬಿಣ ತುಳುಕುತ್ತದೆ. ಪಾತ್ರೆ ನೆಲಕ್ಕೆ ಮುಟ್ಟಿ ಜೊತೆಗಾರ "ಇಳೀತು" ಎಂದು ಕೂಗಿದ ಮೇಲೆಯೇ ಬೂಟು ಬಿಚ್ಚುವುದು, ಬೈಯುವುದು, ಅಳುವುದು ಎಲ್ಲ.

ಅವರು ಇದನ್ನೆಲ್ಲ ಗಲ್ಲಕ್ಕೆ ಕೈಯಿಟ್ಟು ಕೇಳಿದರು. ಜೊತೆಗಾರ ಯಾರು ಎಂದರು. ಮುರುಗೇಶ ಅಂತ, ನಮ್ಮ ಓಣಿಯವನೇ ಎಂದು ಅಪ್ಪ ಹೇಳಿದರು. "ಫೌಂಡ್ರಿಯ ಆ ತುದೀಲಿ ಮುರುಗೇಶ್ ಇದ್ದಾರೆ ಅಂದ್ಕೊಳ್ಳಿ. ಒಂದ್ಸಲ ಕರೀರಿ ನೋಡೋಣ," ಎಂದರು. ಅಪ್ಪ ಕರೆದರು. ಆ ಶ್ವಾಸಕೋಶದಲ್ಲೂ ವಾರ್ಡಿನವರೆಲ್ಲ ತಿರುಗಿ ನೋಡುವ ಹಾಗೆ. ಎದುರಿನ ಮಂಚದ ಮಗು ಅಳಲು ಶುರುಮಾಡಿತು. ಡಾಕ್ಟರು ತಲೆಯಾಡಿಸಿ ಎದ್ದರು.

ಉಸಿರಿನ ಕಸುವು ಅಳೆಯಲು ಹೀಗೆ ಕೂಗಿಸುವುದು ಅವರ ರೂಢಿಯೆಂದು ಆಮೇಲೆ ಸಿಸ್ಟರ್ ಹೇಳಿದರು. ಬಸ್ ಕಂಡಕ್ಟರ್ ಬಂದರೆ ಒಂದೇ ಉಸಿರಿನಲ್ಲಿ ಸ್ಟಾಪುಗಳನ್ನು ಕೂಗಿಸುತ್ತಿದ್ದರು, ಮೇಷ್ಟ್ರು ಬಂದರೆ ಹಾಜರಿ. ಗಾಂಧಿ ಬಜಾರಿನ ಬಟ್ಟೆ ಅಂಗಡಿಯವರೊಬ್ಬರಿಗೆ ಬೀದಿಯಲ್ಲಿ ಹೋಗುವ ಗಿರಾಕಿಯನ್ನು ಕರೆಯಲು ಹೇಳಿದರೆ ಆತ ನಾಚಿಕೊಂಡು, ನಮ್ಮದು ಕೂಗಿ ಕರೆಯೋ ಅಂಗಡಿ ಅಲ್ಲ ಮೇಡಂ, ಎಂದಿದ್ದರಂತೆ. ಹಾಗಿದ್ರೆ ಸಾಲ ವಾಪಸು ಕೊಡದವನನ್ನ ಕರೀರಿ ಎಂದರಂತೆ ಇವರು.

ಅಮ್ಮನಿಗೆ ಬೇರೆಯದೇ ಚಿಂತೆ ಇತ್ತು. ಅಪ್ಪನ ಎದೆಯ ಮೇಲಿನ ಇಷ್ಟಲಿಂಗ. ಅದನ್ನು ಮೈಯಿಂದ ಬೇರೆ ಮಾಡುವುದು ನಮ್ಮಲ್ಲಿ ಇಲ್ಲ. ಕೇಳಲೋ ಬೇಡವೋ ಎಂದು ಅಮ್ಮ ಸೆರಗು ಹಿಂಡುತ್ತಿದ್ದಾಗ ಅವರೇ ಹೇಳಿದರು. "ಎದೆ ಮೇಲೆ ನಮ್ಮ ಕೆಲಸ ಇದೆ ಅಮ್ಮ. ಲಿಂಗಪ್ಪ ಒಂದೆರಡು ದಿನ ಬಲಗೈ ತೋಳಿಗೆ ಬರಲಿ. ಲೋಹದ ಕರಡಿಗೆ ಬೇಡ, ಬಟ್ಟೇಲಿ ಕಟ್ಟಿ." ಥಿಯೇಟರಿನ ಹಸಿರು ಬಟ್ಟೆಯ ತುಂಡನ್ನೂ ಅವರೇ ತರಿಸಿಕೊಟ್ಟರು. ಅಮ್ಮ ಅಂದಿನಿಂದ ಅವರನ್ನು ನಮ್ಮ ಡಾಕ್ಟರಮ್ಮ ಎನ್ನತೊಡಗಿದಳು. ಅಪ್ಪ ಮಾತ್ರ ಮತ್ತಿನ ಡಾಕ್ಟ್ರು ಅಂದರು.

ಆಪರೇಷನ್ನಿನ ದಿನ ಅಪ್ಪನ ಬೆನ್ನಿನ ಮೂಳೆಗಳ ನಡುವೆ ಕೂದಲಿಗಿಂತ ಸ್ವಲ್ಪ ದಪ್ಪನೆಯ ನಳಿಕೆಯೊಂದನ್ನು ಅವರು ಇಳಿಸಿದ್ದರು. ಅದರ ಇನ್ನೊಂದು ತುದಿ ಒಂದು ಸಣ್ಣ ಪಂಪಿಗೆ. ಎದೆಯ ಸುತ್ತಲಿನ ನರಗಳಿಗೆ ಹನಿಹನಿಯಾಗಿ ಔಷಧಿ ಹೋಗಿ ಕೊಯ್ದ ಜಾಗ ಮರಗಟ್ಟಿರುತ್ತದೆ, ತಲೆ ಮಾತ್ರ ಎಚ್ಚರವಾಗಿರುತ್ತದೆ. ಹಾಗಾಗಿ ಮೊದಲ ದಿನ ಅಪ್ಪ ಹೇಳಿದ ಸೊನ್ನೆ ನಿಜವಾದ ಸೊನ್ನೆಯೇ. ಕೂತು ಉಸಿರೆಳೆದು, ಉಸಿರಿನ ಅಭ್ಯಾಸಕ್ಕೆಂದು ಕೊಟ್ಟಿದ್ದ ಮೂರು ಚೆಂಡಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಎರಡು ಚೆಂಡು ಮೇಲಕ್ಕೇರಿಸಿ ನಮ್ಮ ಕಡೆ ಗತ್ತಿನಿಂದ ನೋಡಿದ್ದರು.

ಮಾರನೆಯ ದಿನ ಬೆಳಿಗ್ಗೆ ಭೇಟಿಯ ಹೊತ್ತಿನಲ್ಲಿ ಮುರುಗೇಶಣ್ಣ ಬಂದರು. ಅಪ್ಪ ದಿಂಬಿನಿಂದ ಕೆಳಕ್ಕೆ ಜಾರಿದ್ದರು. ಮೇಲಕ್ಕೆ ಎಳೆಯಲು ಇಬ್ಬರು ಸಿಸ್ಟರ್ ಬೇಕಿತ್ತು, ಒಬ್ಬರೇ ಇದ್ದರು. "ನೀವು ಬಿಡಿ ಸಿಸ್ಟರ್, ನಮ್ಮಣ್ಣನ ಭಾರ ನಂಗೆ ಗೊತ್ತು," ಎಂದು ಮುರುಗೇಶಣ್ಣ ಹಿಂದಿನಿಂದ ಕಂಕುಳಲ್ಲಿ ಕೈಹಾಕಿ, ಫೌಂಡ್ರಿಯಲ್ಲಿ ಅಚ್ಚಿನ ಪೆಟ್ಟಿಗೆ ಎತ್ತುವ ಹಾಗೆ, ಎದೆಗೆ ಆನಿಸಿಕೊಂಡು ಒಂದೇ ಎತ್ತಿಗೆ ಮೇಲಕ್ಕೆ ಕೂರಿಸಿದರು. ಸೊಗಸಾಗಿ ಕೂರಿಸಿದರು. ನಾವೆಲ್ಲ ಮೆಚ್ಚಿಕೊಂಡೆವು. ಎದೆಯಿಂದ ಬಾಟಲಿಗೆ ಇಳಿದಿದ್ದ ಕೊಳವೆಯ ಮೇಲೆ ಎಲ್ಲರ ಕಣ್ಣಿತ್ತು, ಅದಕ್ಕೆ ಏನೂ ಆಗಲಿಲ್ಲ. ಬೆನ್ನಿನ ಕಡೆ ಯಾರೂ ನೋಡಲಿಲ್ಲ. ನೋಡಿದ್ದರೂ ಪ್ಲಾಸ್ಟರು ಇದ್ದ ಹಾಗೇ ಇತ್ತು.

ಇದಾಗಿ ಹಗಲು, ರಾತ್ರಿ, ಮತ್ತೆ ಬೆಳಗು. ಅಪ್ಪ ಸೊನ್ನೆ ಅನ್ನುತ್ತಲೇ ಇದ್ದರು. ಚೆಂಡಿನ ಡಬ್ಬಿ ಆಮೇಲೆ ಮಾಡ್ತೀನಿ ಎಂದು ಪಕ್ಕಕ್ಕಿಟ್ಟರು. ಕೆಮ್ಮು ಬಂದರೆ ನುಂಗಿಕೊಂಡರು. ನೋವಿಲ್ಲದವರು ಯಾಕೆ ಅಲುಗುತ್ತಿಲ್ಲ ಎಂದು ನಮಗೆ ಹೊಳೆಯಲಿಲ್ಲ, ಸುಸ್ತು ಎಂದುಕೊಂಡೆವು. ನೋಡಲು ಬಂದ ಫೌಂಡ್ರಿಯ ಹಳಬರೆಲ್ಲ ಹೊಗಳಿ ಹೋಗುತ್ತಿದ್ದರು. ಪಕ್ಕೆಲುಬು ಅಗಲಿಸಿದ್ದಾರೆ, ಇವನು ಹುಬ್ಬು ಗಂಟಿಕ್ಕಿಲ್ಲ ನೋಡು ಎಂದು. ಅಪ್ಪನಿಗೂ ಅದು ಇಷ್ಟವೇ ಆಗುತ್ತಿತ್ತು. ಡಾಕ್ಟರಮ್ಮ ಮೊದಲ ದಿನ ಸಂಜೆ ಬಂದು ನೋಡಿ ಹೋಗಿದ್ದರು. ಮರುದಿನ ಬೆಳಗಿನಿಂದ ಸಂಜೆವರೆಗೂ ಥಿಯೇಟರಿನಲ್ಲಿ ಒಂದಾದ ಮೇಲೊಂದು ಕೇಸು, ವಾರ್ಡಿನಿಂದ ಅವರಿಗೆ ಹೋದ ವರದಿಯಲ್ಲಿ ಇದ್ದದ್ದು ಸೊನ್ನೆ.

ಆಮೇಲೆ ಆ ಎರಡು ನಲವತ್ತು.

ಡ್ಯೂಟಿ ಡಾಕ್ಟರು ಎಳೆಯ ಹುಡುಗ, ಒಳ್ಳೆಯವನು. ಓಡಿ ಬಂದ. ಆಕ್ಸಿಜನ್ ಮಾಸ್ಕ್ ಹಾಕಿದ, ಐಸಿಯುಗೆ ಸಾಗಿಸಿದ, ಕೈಯಿಂದ ರಕ್ತ ತೆಗೆದು ಕಳಿಸಿದ. ಹೊರಗೆ ಬಂದು ನನಗೂ ಅಮ್ಮನಿಗೂ ನಿಂತುಕೊಂಡೇ ಹೇಳಿದ. ಉಸಿರು ಮೇಲಮೇಲಿಂದ ಆಡ್ತಿದೆ, ಕೆಟ್ಟ ಗಾಳಿ ಹೊರಗೆ ಹೋಗದೆ ರಕ್ತದಲ್ಲೇ ಸೇರಿಕೊಳ್ತಿದೆ, ಅದಕ್ಕೇ ಮಂಪರು. ಕಫ ಕಟ್ಟಿದೆ, ಕೆಮ್ಮುತ್ತಿಲ್ಲ. ನೋವಿಗೆ ಜೋರಿನ ಇಂಜೆಕ್ಷನ್ ಕೊಟ್ಟರೆ ಇರುವ ಉಸಿರೂ ನಿಧಾನ ಆಗುತ್ತೆ. ಅವರು ನೋಡಿದರೆ ನೋವೇ ಇಲ್ಲ ಅಂತಿದ್ದಾರೆ. ಹೀಗೇ ಆದರೆ ಮತ್ತೆ ಗಂಟಲಿಗೆ ಟ್ಯೂಬು ಹಾಕಿ ವೆಂಟಿಲೇಟರಿಗೆ ಹಾಕಬೇಕು. ಈ ವಯಸ್ಸು, ಈ ಶ್ವಾಸಕೋಶ, ಫೌಂಡ್ರಿಯ ಧೂಳು. ಹಾಕಿದರೆ ತೆಗೆಯೋದು ಯಾವಾಗ ಅಂತ ನನಗೆ ಹೇಳೋಕೆ ಆಗಲ್ಲ ಮೇಡಂ.

ಅಮ್ಮ ನನ್ನ ಮುಖ ನೋಡಿದಳು. "ತೆಗೀತಾರೆ ತಾನೆ?" ಎಂದಳು. ನಾನು ಕಾಲೇಜಿನಲ್ಲಿ ಪಾಠ ಹೇಳುವವಳು, ಯಾವುದಕ್ಕಾದರೂ ಒಂದು ಉತ್ತರ ಕೊಟ್ಟು ಅಭ್ಯಾಸ. ಆಗ ಹುಡುಗನ ಕಡೆ ತಿರುಗಿದೆ.

ಡಾಕ್ಟರಮ್ಮ ಆ ದಿನ ಭದ್ರಾವತಿಯ ನರ್ಸಿಂಗ್ ಹೋಮ್ ಒಂದರಲ್ಲಿದ್ದರು. ವಾರಕ್ಕೊಮ್ಮೆ ಅಲ್ಲಿಗೆ ಹೋಗುವವರು. ಹುಡುಗ ಅವರಿಗೆ ಫೋನ್ ಮಾಡಿದ. ಬೆನ್ನಿನ ಪ್ಲಾಸ್ಟರು ನೋಡಿದೆ ಮೇಡಂ, ಸರಿಯಾಗಿದೆ, ಪಂಪೂ ಓಡ್ತಿದೆ ಎಂದ. ಸ್ವಲ್ಪ ಹೊತ್ತು ಕೇಳಿಸಿಕೊಂಡು ಫೋನನ್ನು ನನ್ನ ಕೈಗೆ ಕೊಟ್ಟ. ಒಳಗೆ ಹೋಗು, ಫೋನನ್ನು ನಿಮ್ಮಪ್ಪನ ಬಾಯಿ ಹತ್ರ ಹಿಡಿ, ಕೆಮ್ಮೋಕೆ ಹೇಳು ಎಂದಿತು ಆ ಕಡೆಯ ಧ್ವನಿ. ನಾನು ಮಾಸ್ಕಿನ ಪಕ್ಕ ಫೋನ್ ಹಿಡಿದು ಅಪ್ಪಾ ಕೆಮ್ಮಿ ಎಂದೆ. ಅಪ್ಪ ಕಣ್ಣು ಅರ್ಧ ತೆರೆದು ಏನೋ ಮಾಡಿದರು. ಬೀಗದಲ್ಲಿ ಕೀಲಿ ಸಿಕ್ಕಿಕೊಂಡಂಥ ಸದ್ದು. ಇನ್ನೊಂದ್ಸಲ ಎಂದರು. ಇನ್ನೊಂದು ಸಲ ಮಾಡಿಸಿದೆ.

"ಇದು ಗಂಟಲಿಂದ ಬರ್ತಿದೆ ಮಾರಾಯ್ತಿ, ಎದೆಯಿಂದ ಬರ್ತಿಲ್ಲ. ಎದೆ ಅಲುಗಿಸೋಕೆ ಹೆದರ್ತಿದ್ದಾರೆ. ಹುಡುಗನಿಗೆ ಹೇಳು, ಅಂಕಿ ಹಿಡಿದಿರೋವರೆಗೂ ಟ್ಯೂಬು ಹಾಕೋದು ಬೇಡ, ನಾನು ಬರ್ತಿದ್ದೀನಿ. ಹಿಡೀಲಿಲ್ಲ ಅಂದ್ರೆ ನನಗೆ ಕಾಯೋದು ಬೇಡ."

ಆ ಕೊನೆಯ ಮಾತು ನನ್ನೊಳಗೆ ಇನ್ನೂ ಓಡುತ್ತಿರುತ್ತದೆ. ನಮ್ಮ ಬಳಿ ಇದ್ದದ್ದು ಎರಡರ ನಡುವಿನ ಹೊತ್ತು ಮಾತ್ರ. ಅತ್ತ ರಸ್ತೆಯಲ್ಲಿ ಒಂದು ಕಾರು, ಇತ್ತ ಪರದೆಯ ಮೇಲೆ ಒಂದು ಅಂಕಿ. ಹುಡುಗ ಟ್ಯೂಬು, ಔಷಧಿ, ಬೆಳಕಿನ ಉಪಕರಣ ಎಲ್ಲವನ್ನೂ ಟ್ರೇಯಲ್ಲಿ ಜೋಡಿಸಿ ಅಪ್ಪನ ತಲೆಯ ಹತ್ತಿರ ನಿಂತ. ಮಾಚೇನಹಳ್ಳಿ ಹತ್ತಿರ ಇದ್ದೇನೆ ಎಂದು ಒಮ್ಮೆ ಫೋನ್ ಬಂತು. ಮುಂದೆ ಲಾರಿ ಕೆಟ್ಟು ನಿಂತಿದೆ ಎಂದು ಇನ್ನೊಮ್ಮೆ. ಎರಡು ಸಲವೂ ಕೆಮ್ಮು ಕೇಳಿದರು. ಎರಡನೇ ಸಲ ಕೇಳಿದ್ದೇ ಫೋನ್ ಇಟ್ಟುಬಿಟ್ಟರು. ಅಂಕಿ ಎಂಬತ್ತೈದಕ್ಕೆ ಬಂದು ಮತ್ತೆ ಏರಿತು. ಹುಡುಗ ಕೈಗವಸು ಹಾಕಿಕೊಂಡ. ಅದನ್ನು ನೋಡಿ ಅಮ್ಮ ಗೋಡೆಗೆ ತಿರುಗಿ ನಿಂತಳು. ಆಮೇಲೆ ಅವನು ಕಾದ. ನನ್ನ ಆಯುಷ್ಯದಲ್ಲಿ ಇನ್ನೊಬ್ಬರು ಸುಮ್ಮನೆ ನಿಂತದ್ದಕ್ಕೆ ಅಷ್ಟು ಋಣಿಯಾದದ್ದು ಅದೊಂದೇ ಸಲ.

ಅವರು ಬಂದಾಗ ಭದ್ರಾವತಿಯ ಥಿಯೇಟರಿನ ಟೋಪಿಯನ್ನೂ ತೆಗೆದಿರಲಿಲ್ಲ. ಸ್ಪಿರಿಟಿನ ಹತ್ತಿಯನ್ನು ಅಪ್ಪನ ಭುಜಕ್ಕೆ ಒತ್ತಿ, ತಣ್ಣಗಿದೆಯಾ ಎಂದರು. ಅಪ್ಪ ಹೂಂ ಎಂದು ತಲೆಯಾಡಿಸಿದರು. ಎದೆಗೆ, ಕೊಯ್ದ ಜಾಗದ ಪಕ್ಕಕ್ಕೆ ಒತ್ತಿದರು. ಅಲ್ಲೂ ಹೂಂ. ಮರಗಟ್ಟಿರಬೇಕಾದ ಜಾಗಕ್ಕೆ ತಂಪು ಗೊತ್ತಾಗುತ್ತಿದೆ. ಬೆನ್ನಿನ ಪ್ಲಾಸ್ಟರನ್ನು ಪೂರ್ತಿ ಕಿತ್ತು ನೋಡಿದರು. ನಳಿಕೆ ಮೂಳೆಯಿಂದ ಹೊರಗೆ ಬಂದು ಪ್ಲಾಸ್ಟರಿನ ಅಡಿಯಲ್ಲೇ ಸುರುಳಿ ಸುತ್ತಿಕೊಂಡು ಮಲಗಿತ್ತು. ಔಷಧಿ ಅಷ್ಟು ಹೊತ್ತೂ ಅಂಗಿಯೊಳಗೆ ಇಂಗುತ್ತಿತ್ತು. ಯಾರಾದ್ರೂ ಎತ್ತಿದ್ರಾ ಎಂದರು, ಮುರುಗೇಶಣ್ಣ ಹಿಂದಿನಿಂದ ಎತ್ತಿ ಕೂರಿಸಿದ್ದನ್ನು ಹೇಳಿದೆ.

ಅಂದರೆ ಹಿಂದಿನ ದಿನ ಬೆಳಗಿನಿಂದಲೇ ಅಪ್ಪ ಪಕ್ಕೆಲುಬು ಅಗಲಿಸಿದ ಎದೆಯ ನೋವನ್ನು ಪೂರ್ತಿಯಾಗಿ ಹೊತ್ತು ಮಲಗಿದ್ದರು.

ಡಾಕ್ಟರಮ್ಮ ಅಪ್ಪನ ಮುಖದ ಹತ್ತಿರ ಬಗ್ಗಿ ನೋವಿದೆಯಾ ಎಂದು ಕೇಳಿದರು. ಅಪ್ಪ ಇಲ್ಲ ಎಂದು ತಲೆಯಾಡಿಸಿದರು. ಆಗ ಅವರು ತಿರುಗಿ, ಮುರುಗೇಶ್ ಬಂದಿದ್ದಾರಾ ಎಂದು ನನ್ನನ್ನು ಕೇಳಿದರು. ಮುರುಗೇಶಣ್ಣ ಹೊರಗೆ ಬಾಗಿಲ ಪಕ್ಕ ನಿಂತಿದ್ದರು. ಒಳಗೆ ಕರೆಸಿದರು.

"ಲ್ಯಾಡಲ್ ಕೆಳಗಿಟ್ಟ ಮೇಲೆ ಏನಂತೀರಿ ನೀವು?"

"ಇಳೀತು ಅಂತೀವಿ ಮೇಡಂ."

"ಹೇಳಿ ಅವರಿಗೆ."

ಮುರುಗೇಶಣ್ಣ ಅರ್ಥವಾಗದೆ ನನ್ನ ಕಡೆ ನೋಡಿದರು. "ನಿಮ್ಮಣ್ಣ ಇನ್ನೂ ಹೊತ್ಕೊಂಡೇ ಇದ್ದಾರೆ ಮಾರಾಯ. ಹೇಳಿ," ಎಂದರು ಡಾಕ್ಟರಮ್ಮ.

"ಇಳೀತು ಅಣ್ಣ." ಮೆಲ್ಲಗೆ ಹೇಳಿದರು. ಡಾಕ್ಟರಮ್ಮ ಜೋರಾಗಿ ಎಂದು ಕೈ ಮಾಡಿದರು. ಮುರುಗೇಶಣ್ಣ ಮಂಚದ ಕಂಬಿ ಹಿಡಿದು, ಐಸಿಯು ಎಂಬುದನ್ನು ಮರೆತು, ಫೌಂಡ್ರಿಯ ದನಿಯಲ್ಲಿ ಕೂಗಿದರು. "ಇಳೀತು ಅಣ್ಣ, ಕೆಳಗಿಟ್ಟಾಯ್ತು. ಇಳೀತು."

ಅಪ್ಪ ಅವರನ್ನೇ ನೋಡಿದರು. ಮುಖದ ಒಂದೊಂದೇ ಕಡೆ ಸಡಿಲವಾಯಿತು. "ನೋಯ್ತದೆ," ಎಂದರು. ಮತ್ತೆ, "ತುಂಬ ನೋಯ್ತದೆ ಕಣೋ."

ಅಪ್ಪನ ಬಾಯಿಂದ ಆ ಶಬ್ದವನ್ನು ನಾನು ಕೇಳಿದ್ದು ಅದೇ ಮೊದಲು. ಅದನ್ನು ಹೇಳಿಸಲೇ ಬೇಕಿತ್ತಾ, ಹೇಗೂ ನಳಿಕೆ ಜಾರಿದ್ದು ಕಂಡಿತ್ತಲ್ಲ ಎಂದು ಆಮೇಲೊಮ್ಮೆ ಡಾಕ್ಟರಮ್ಮನನ್ನು ಕೇಳಿದೆ. ಔಷಧಿ ಹತ್ತಿದೆಯೋ ಇಲ್ಲವೋ ಅಂತ ಮುಂದೆ ನಿಮ್ಮಪ್ಪನೇ ತಾನೆ ನನಗೆ ಹೇಳಬೇಕು, ಆಗಲೂ ಸೊನ್ನೆ ಅಂದ್ರೆ ನಾನು ಯಾರನ್ನ ಕೇಳಲಿ ಎಂದರು.

ಬೆನ್ನುಮೂಳೆಯೊಳಗೆ ಹೊಸ ನಳಿಕೆ ಇಳಿಸುವಂತಿರಲಿಲ್ಲ. ರಕ್ತ ಹೆಪ್ಪುಗಟ್ಟದಿರಲು ಕೊಡುವ ಇಂಜೆಕ್ಷನ್ ಆಗಷ್ಟೇ ಕೊಟ್ಟಿದ್ದರು, ಒಳಗೆ ರಕ್ತ ಸೋರಿದರೆ ಕಾಲಿನ ಸ್ವಾಧೀನವೇ ಹೋಗಬಹುದು. ಹಾಗಾಗಿ ಬೆನ್ನುಮೂಳೆಯ ಪಕ್ಕದಲ್ಲಿ, ಸ್ನಾಯುವಿನ ಅಡಿಗೆ ಔಷಧಿ ಬಿಡುತ್ತೇನೆ ಎಂದು ಹುಡುಗನಿಗೆ ವಿವರಿಸುತ್ತಲೇ ಸ್ಕ್ಯಾನಿಂಗ್ ಯಂತ್ರ ಹತ್ತಿರ ಎಳೆದುಕೊಂಡರು. ಅಪ್ಪನನ್ನು ಕೂರಿಸಿ ಮುಂದಕ್ಕೆ ಬಾಗಿಸಬೇಕಿತ್ತು. ಮುರುಗೇಶಣ್ಣ ಹಿಂಜರಿದು ಹಿಂದೆ ಸರಿದಾಗ, "ನೀವೇ ಹಿಡೀರಿ. ಈ ಸಲ ಮುಂದಿನಿಂದ," ಎಂದರು. ಅಪ್ಪ ಅವರ ಎದೆಗೆ ಹಣೆಯೊತ್ತಿ ಕೂತರು. ಕೈಗವಸು ಹಾಕುವ ಮೊದಲು ಡಾಕ್ಟರಮ್ಮ ಅಂಗೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಒಂದು ಕ್ಷಣ ನಿಂತರು. ಚಹಾಕ್ಕೆ ಹೊತ್ತಿರಲಿಲ್ಲ.

ಸೂಜಿ ಹೋಯಿತು. ಪರದೆಯ ಮೇಲೆ ಬೂದು ಬಣ್ಣದ ಪದರಗಳ ನಡುವೆ ಕಪ್ಪು ಗೆರೆಯೊಂದು ನೀರಿನಂತೆ ಹರಡಿತು. ಅಲ್ಲೂ ಒಂದು ನಳಿಕೆ ಬಿಟ್ಟು, ಈ ಸಲ ಹೊಲಿದೇ ಕಟ್ಟಿದರು. ಆಮೇಲೆ ಕಾಯುವುದು. ಅಂಕಿ ಏರಲಿಲ್ಲ, ಇಳಿಯಲೂ ಇಲ್ಲ. ಅವರು ಸ್ಪಿರಿಟಿನ ಹತ್ತಿಯನ್ನು ಆಗಾಗ ಒತ್ತುತ್ತಿದ್ದರು. ಹೂಂ. ಹೂಂ. ಕೊನೆಗೆ ಒಮ್ಮೆ ಅಪ್ಪ, ಅಲ್ಲಿ ಗೊತ್ತಾಗ್ತಿಲ್ಲ ಎಂದರು.

"ಈಗ ಕೆಮ್ಮಿ ಯಜಮಾನ್ರೇ. ಮುರುಗೇಶ್ ಆ ತುದೀಲಿದ್ದಾರೆ ಅಂದ್ಕೊಂಡು ಕೆಮ್ಮಿ."

ಮೊದಲ ಸಲ ಗಂಟಲು. ಎರಡನೆಯದು ಎದೆಯ ತಳದಿಂದ ಬಂತು. ಮೂರನೆಯದಕ್ಕೆ ಮಂಚ ಅಲುಗಿತು, ಹೆಪ್ಪುಗಟ್ಟಿದ ಕಪ್ಪು ಕಫ ಹೊರಗೆ ಬಿತ್ತು. ಹುಡುಗ ಹಿಡಿದ ಬಟ್ಟಲು ತುಂಬುತ್ತ ಹೋದಂತೆ ಅಂಕಿ ಒಂದೊಂದಾಗಿ ಮೇಲೇರಿತು. ಡಾಕ್ಟರಮ್ಮ ಅಂಕಿ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ ಕೆಮ್ಮು ಕೇಳುತ್ತಿದ್ದರು, ಸಂಗೀತ ಕಚೇರಿಯಲ್ಲಿ ಕೂತು ಕೇಳುವವರ ಹಾಗೆ ತಲೆ ಸ್ವಲ್ಪ ಓರೆ ಮಾಡಿಕೊಂಡು.

ಹುಡುಗ ಟ್ರೇಯನ್ನು ಮುಚ್ಚಿದ.

ಡಾಕ್ಟರಮ್ಮ ಸಾಧು ಸ್ವಭಾವದವರಾಗಿರಲಿಲ್ಲ. ಅಂದು ಸಂಜೆ ವಾರ್ಡಿನ ಸಿಸ್ಟರನ್ನು ಎಲ್ಲರೆದುರು ಬೈದರು. ಸೊನ್ನೆ ಬರ್ಕೊಳ್ಳೋಕೆ ನೀನ್ಯಾಕೆ ಬೇಕು, ಗೋಡೆಗೆ ಹೇಳಿದ್ರೂ ಬರ್ಕೊಳ್ಳುತ್ತೆ ಎಂದು. ಆಕೆ ಅತ್ತರು. ಆಕೆಯದು ತಪ್ಪಲ್ಲ, ಅವರಿಗೂ ಆಮೇಲೆ ಗೊತ್ತಾಗಿರಬೇಕು. ಕ್ಷಮೆ ಕೇಳಲಿಲ್ಲ. ಮರುದಿನ ಖಾರ ಉಪ್ಪು ಹಚ್ಚಿದ ಸೀಬೆಹಣ್ಣಿನ ಪೊಟ್ಟಣವೊಂದು ಸಿಸ್ಟರ್ ಮೇಜಿನ ಮೇಲಿತ್ತು. ಮೇಡಂ ಬೈದ ಮಾರನೆ ದಿನ ಹಣ್ಣು ಬರುತ್ತೆ, ನಾವು ಸೀಸನ್ನಲ್ಲೇ ಬೈಸಿಕೊಳ್ತೀವಿ ಎಂದು ಆಕೆ ನಗುತ್ತ ನನಗೂ ಒಂದು ಹೋಳು ಕೊಟ್ಟರು. ಫೋನಿನ ಕಥೆಯನ್ನೂ ಆಕೆಯೇ ಹೇಳಿದ್ದು. ಎದೆಯ ಆಪರೇಷನ್ ಆದವರಿದ್ದರೆ ಮೇಡಂ ಊರಲ್ಲಿಲ್ಲದ ದಿನ ಎಲ್ಲಿಂದಲಾದರೂ ಫೋನ್ ಮಾಡಿ ಕೆಮ್ಮು ಕೇಳುವವರೇ. ಒಮ್ಮೆ ಮದುವೆ ಮನೆಯ ಪಂಕ್ತಿಯಲ್ಲಿ ಎಡಗೈಯಲ್ಲಿ ಫೋನ್ ಹಿಡಿದು, ಹೂಂ, ಇನ್ನೊಂದ್ಸಲ, ಕಫ ಬಂತಾ, ಯಾವ ಬಣ್ಣ ಎಂದು ಕೇಳುತ್ತಿದ್ದರಂತೆ. ಪಕ್ಕದಲ್ಲಿ ಕೂತಿದ್ದ ಅವರ ಯಜಮಾನರು ಎಲೆ ಎತ್ತಿಕೊಂಡು ಬೇರೆ ಪಂಕ್ತಿಗೆ ಹೋದರಂತೆ.

ಮುರುಗೇಶಣ್ಣನಿಗೆ ಅವರು ಏನೂ ಬೈಯಲಿಲ್ಲ. ಮುರುಗೇಶಣ್ಣನೇ ಮೂರು ದಿನ ಆಸ್ಪತ್ರೆಯ ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದರು, ಒಳಗೆ ಬರಲೊಲ್ಲರು. ಡಾಕ್ಟರಮ್ಮ ಕಾರು ಹತ್ತುವಾಗ ಅವರ ಹತ್ತಿರ ನಿಂತು, ನೀವು ಎತ್ತದಿದ್ರೂ ಅದು ಜಾರ್ತಿತ್ತೋ ಏನೋ, ನಾನು ಹೊಲಿಬೇಕಿತ್ತು ಎಂದರಂತೆ. ಅದು ನಿಜವೋ, ಅವರ ಸಮಾಧಾನಕ್ಕೆಂದು ಹೇಳಿದ್ದೋ ನನಗೆ ತಿಳಿಯದು.

ಅಪ್ಪ ಉಳಿದರು. ಶಿವಮೊಗ್ಗದಲ್ಲೇ, ವಿದ್ಯಾನಗರದ ನಮ್ಮ ಮನೆಗೆ ಕರೆತಂದೆವು. ಅವರು ಚೆನ್ನಾಗಿ ಉಂಡರು, ಚೆನ್ನಾಗಿ ಮಲಗಿದರು. ಮಲಗದವಳು ನಾನು. ಪಕ್ಕದ ಕೋಣೆಯಲ್ಲಿ ಅವರ ಉಸಿರು ಕೇಳುತ್ತಿದೆಯೇ ಎಂದು ಎದ್ದೆದ್ದು ಹೋಗುತ್ತಿದ್ದೆ. ಕೇಳಿದರೆ ಆಳವಾಗಿದೆಯೇ ಎಂದು ನಿಲ್ಲುತ್ತಿದ್ದೆ. ಕ್ಲಾಸಿನಲ್ಲಿ ಪಾಠದ ನಡುವೆ ಯಾರಾದರೂ ಮೆಲ್ಲಗೆ ಮಾತಾಡಿದರೆ ನಿಲ್ಲಿಸಿ ಅವರ ತುಟಿ ನೋಡುತ್ತಿದ್ದೆ. ಎರಡು ನಲವತ್ತಾಗುವುದು ನನಗೆ ಗಡಿಯಾರ ನೋಡದೆಯೇ ಗೊತ್ತಾಗುತ್ತಿತ್ತು.

ತಪಾಸಣೆಗೆ ಹೋದ ದಿನ ಕಾರಿಡಾರಿನಲ್ಲಿ ಡಾಕ್ಟರಮ್ಮ ಎದುರಾದರು. ಅಪ್ಪ ಸರ್ಜನ್ನರಿಗೆ ಕೈಮುಗಿದು ಬಂದವರು ಇವರನ್ನು ದಾಟಿಕೊಂಡೇ ಹೋದರು. ನಾನು ನಾಚಿಕೆಯಿಂದ ಅಪ್ಪನನ್ನು ಕರೆದು, ಇವರೇ ಅಪ್ಪ ಎಂದೆ. ಅಪ್ಪ ಗೌರವದಿಂದ ನಮಸ್ಕಾರ ಮಾಡಿ, ಯಾರು ಎಂದು ನನ್ನ ಕಡೆ ನೋಡಿದರು. ಆಪರೇಷನ್ನಿನ ಹಿಂದಿನ ದಿನ ಅವರ ಜೊತೆ ಆಡಿದ ಮಾತಾಗಲಿ, ಆ ಮಧ್ಯಾಹ್ನವಾಗಲಿ ಅಪ್ಪನ ನೆನಪಿನಲ್ಲಿ ಇಲ್ಲವೇ ಇಲ್ಲ. ಇಳೀತು ಎಂದದ್ದು, ನೋಯ್ತದೆ ಎಂದದ್ದು, ಯಾವುದೂ.

"ಒಳ್ಳೇದೇ ಆಯ್ತು ಬಿಡು. ಅವತ್ತು ಅವರ ತಲೆಗೆ ಮಂಪರು ಹತ್ತಿತ್ತು," ಎಂದರು ಡಾಕ್ಟರಮ್ಮ. ಆಮೇಲೆ ನನ್ನ ಮುಖ ನೋಡಿ, "ನಿನಗೆ ನಿದ್ದೆ ಬರ್ತಿಲ್ಲ ಅಲ್ವಾ?" ಎಂದರು.

ಯಾರೂ ಕೇಳಿರಲಿಲ್ಲ ಅದನ್ನು. ನಾನು ಅಲ್ಲೇ ಬೆಂಚಿನ ಮೇಲೆ ಕೂತೆ. ಅವರೂ ಕೂತರು.

"ಮಲಗಿದವರಿಗೆ ಕೊಡೋಕೆ ನನ್ನ ಹತ್ರ ಎಷ್ಟೋ ಇದೆ. ಪ್ರಜ್ಞೆ ತಪ್ಪಿಸ್ತೀನಿ, ನೋವು ತೆಗೀತೀನಿ, ನೆನಪೂ ಅಳಿಸ್ತೀನಿ. ಪಕ್ಕದಲ್ಲಿ ನಿಂತು ನೋಡಿದವರಿಗೆ ಕೊಡೋಕೆ ಏನೂ ಇಲ್ಲ ಮಾರಾಯ್ತಿ." ಸ್ವಲ್ಪ ಹೊತ್ತು ಸ್ವೆಟರಿನ ಗುಂಡಿ ತಿರುಗಿಸಿದರು. "ನಿಮ್ಮಪ್ಪನಿಗೆ ಹೇಳಿದ್ಯಾ, ಅವತ್ತು ಏನಾಯ್ತು ಅಂತ?"

ಇಲ್ಲ ಎಂದೆ. ಅವರಿಗೆ ಹೆದರಿಕೆ ಆದೀತು ಎಂದು.

"ಅವರಿಗೇನಾಗಲ್ಲ. ಕೂತ್ಕೊಂಡು ಮೊದಲಿಂದ ಕೊನೇವರೆಗೂ ಹೇಳು. ನಡುವೆ ಬಿಡಬೇಡ. ಕೊನೇಲಿ ಅವರು ಕೆಮ್ಮಿದ್ರು, ಅದನ್ನೂ ಹೇಳು. ನೀನು ಅಲ್ಲೀವರೆಗೂ ಬರೋದೇ ಇಲ್ಲ ಅನ್ಸುತ್ತೆ, ಟ್ರೇ ಹತ್ರನೇ ನಿಂತುಬಿಡ್ತೀಯ."

ಅಷ್ಟು ಹೇಳಿ ಎದ್ದು ಹೋದರು. ಅವರನ್ನು ನಾನು ಕೊನೆಯದಾಗಿ ನೋಡಿದ್ದು ಅದೇ, ಲಿಫ್ಟಿನವನು ತಡ ಮಾಡಿದನೆಂದು ಗೊಣಗುತ್ತ ಮೆಟ್ಟಿಲು ಹತ್ತುತ್ತಿದ್ದರು.

ಹೇಳಲು ಧೈರ್ಯ ಬರಲು ಬಹಳ ದಿನ ಹಿಡಿಯಿತು. ಡಾಕ್ಟರಮ್ಮ ನಿವೃತ್ತರಾಗಿ ಹೋದರು ಎಂದು ಸವಳಂಗ ರಸ್ತೆಯಲ್ಲಿ ಸಿಕ್ಕ ಸಿಸ್ಟರ್ ಹೇಳಿದ ಭಾನುವಾರ, ಮನೆಗೆ ಬಂದವಳು ಕೈಚೀಲ ಇಡದೆಯೇ ಅಪ್ಪನ ಎದುರು ಕೂತೆ. ಸುದ್ದಿ ಹೇಳಿದೆ. ಯಾರು ಅವರು ಎಂದು ಅಪ್ಪ ಮತ್ತೆ ಕೇಳಿದರು. ಆಗ ಹೇಳತೊಡಗಿದೆ. ನೀರು ಕೇಳಿದ್ದರಿಂದ ಶುರುಮಾಡಿ ಕಾರು, ಲಾರಿ, ಅಂಕಿ, ಕೈಗವಸು. ಟ್ರೇ ಹತ್ತಿರ ಬಂದಾಗ ನನ್ನ ಮಾತು ನಿಂತಿತು. ಅಪ್ಪ ಕಥೆ ಕೇಳುವವರ ಹಾಗೆ ಮುಂದಕ್ಕೆ ಬಾಗಿ, "ಆಮೇಲೆ?" ಎಂದರು. ಮುಂದಿನದನ್ನೂ ಹೇಳಿದೆ, ಕಫದ ಬಣ್ಣದವರೆಗೆ. ಮುರುಗೇಶಣ್ಣ ಕೂಗಿದ್ದು ಕೇಳಿ ಅಪ್ಪ ಹಿಂದಕ್ಕೆ ಒರಗಿದರು. ಅವನು ನನಗೆ ಹೇಳಲೇ ಇಲ್ಲ ನೋಡು ಎಂದರು. ಮತ್ತೆ ನನ್ನ ಕಡೆ ತಿರುಗಿ, "ಅಷ್ಟು ಹೊತ್ತೂ ನೀನು ನಿಂತೇ ಇದ್ದೆಯಾ ಮಗಾ? ಕೂತ್ಕೊಳ್ಳೋಕೆ ಯಾರೂ ಹೇಳಲಿಲ್ವಾ?" ಎಂದರು.

ಆ ರಾತ್ರಿ ಮಲಗಿದವಳಿಗೆ ಎಚ್ಚರವಾದಾಗ ಕಿಟಕಿಯ ಬಿಸಿಲು ಹಾಸಿಗೆಯ ಮೇಲಿತ್ತು. ಅಡುಗೆಮನೆಯಲ್ಲಿ ಅಮ್ಮ ಒಗ್ಗರಣೆ ಹಾಕುತ್ತಿದ್ದಳು. ಅಪ್ಪನ ಮಂಚ ಖಾಲಿ, ಹೊದಿಕೆ ಮಡಿಸಿಟ್ಟಿತ್ತು. ಬೆಳಿಗ್ಗೆ ಮೊದಲನೇ ಬಸ್ಸಿಗೆ ಭದ್ರಾವತಿಗೆ ಹೋದರು, ಮುರುಗೇಶನನ್ನು ನೋಡಬೇಕಂತೆ ಎಂದಳು ಅಮ್ಮ. ಅವರು ಎಷ್ಟು ಹೊತ್ತಿಗೆ ಎದ್ದರು, ಯಾವಾಗ ಬಾಗಿಲು ತೆರೆದರು, ನನಗೆ ಏನೂ ಗೊತ್ತಾಗಿರಲಿಲ್ಲ.